ಲೆಕ್ಕಕ್ಕೆ ಸಿಕ್ಕಿಬಿದ್ದ ಹಪ್ಪಳ

ಗೆಳೆಯರೇ, ಇವತ್ತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೇನೆ, ಕೇಳಿ.

ಭಂಕೂರಿನ ಒಂದು ಓಣಿಯಲ್ಲಿ ಮನೆಮನೆಗೂ ಸೋಲಾರ್ ಬಂದಿದೆ. ಹಾಗಾಗಿ ಬಿಸಿಲೇರಿದಂತೆ ಅಲ್ಲಿನ ಟ್ರಾನ್ಸ್‌ಫಾರ್ಮರ್ ಮೇಲಿನ ಲೋಡ್ ಇಳಿಯಬೇಕು. ಅದನ್ನು ಅಳೆಯುವುದು ವಿದ್ಯುತ್ ಕಂಪನಿಯಲ್ಲಿ ನನ್ನ ಕೆಲಸ. ಈ ವಾರ ರಣಬಿಸಿಲಿದ್ದರೂ ಲೋಡ್ ಇಳಿಯಲೇ ಇಲ್ಲ.

"ಕರೆಂಟ್ ಕಳವು ನಡದದ. ಇಲ್ಲಾ ನಿಮ್ಮ ಲೆಕ್ಕಾನೇ ತಪ್ಪದ" ಎಂದರು ನಮ್ಮ ಸಾಹೇಬರು.

ಸಿಟ್ಟು ಬಂತು. "ನನ್ನ ಲೆಕ್ಕ ತಪ್ಪಂಗಿಲ್ರಿ ಸರ್" ಎಂದವಳೇ ಮಧ್ಯಾಹ್ನ ಆ ಓಣಿಗೆ ಹೋಗಿ, ಅಲ್ಲಿ ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಮೆಹಬೂಬಿಯವರ ಮಾಳಿಗೆ ಹತ್ತಿದೆ. ಪ್ಯಾನಲ್‌ಗಳ ಮೇಲೆ ಹಳೇ ಸೀರೆ ಕಟ್ಟಿದ್ದರು, ಸೀರೆಯ ತುಂಬ ಹಪ್ಪಳ! ಆಚೀಚೆ ಮಾಳಿಗೆಗಳಲ್ಲೂ ಅದೇ. ಓಣಿಯ ಹೆಂಗಸರೆಲ್ಲ ಕೂಡಿ ಲಟ್ಟಿಸಿದ್ದರಂತೆ.

"ಆಪಾ, ಇಲ್ಲ್ಯಾಕ ಹಾಕೀರಿ?"

"ಮತ್ತೆಲ್ಲಿ ಹಾಕ್ಲಿ ಮೇಡಂ? ಊರ್ ತುಂಬ ಫರಸಿ ಕಲ್ಲಿನ ಗಣಿ ಧೂಳ. ದಿನಾ ತೊಳದು ಸಾಫ್ ಇಟ್ಟ ಜಾಗಾ ಇದೊಂದೇ ಅದ. ಅದಿರ್ಲಿ, ನಮ್ಮ ಬ್ಯಾಟ್ರಿ ಯಾಕ ತುಂಬವಲ್ದು ನೋಡ್ರಿ. ಹಾಕಿಕೊಟ್ಟವ್ರಿಗಿ ಬೈದು ಬೈದು ಸಾಕಾಗ್ಯದ."

ನಗು ತಡೆದುಕೊಂಡು ಕಾರಣ ಹೇಳಿದೆ. ಆಪಾ ನಾಲಿಗೆ ಕಚ್ಚಿಕೊಂಡು ಸೀರೆಯ ಒಂದು ಅಂಚು ಎತ್ತಿದರು, ಇನ್ನೊಂದನ್ನು ನಾನು ಹಿಡಿದೆ. ನೆರೆಯವರನ್ನೂ ಕೂಗಿ ಕರೆದು ಎಲ್ಲ ತೆಗೆಸಿದರು. ಟ್ರಾನ್ಸ್‌ಫಾರ್ಮರ್ ಹತ್ತಿರ ಬಂದು ನೋಡಿದರೆ, ಲೋಡ್ ನನ್ನ ಲೆಕ್ಕ ಹೇಳಿದಷ್ಟೇ ಇಳಿದಿತ್ತು!

ಆಪಾ ಕೊಟ್ಟ ಹಪ್ಪಳದ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಸಾಹೇಬರಿಗೆ ಫೋನ್ ಮಾಡಿದೆ.

"ಕಳ್ಳರು ಸಿಕ್ಕಾರ್ರಿ ಸರ್. ಎಣ್ಣಿ ಕಾಯಿಸಿ ಇಡ್ರಿ, ಸಂಜಿಗಿ ಹಿಡ್ಕೊಂಡು ಬರ್ತೀನಿ."