ಮಣಿಕಟ್ಟಿನ ಮೇಲೆ ಎರಡು ಬೆರಳು

ಶಿಕಾರಿಪುರದಲ್ಲಿ ನನಗೆ ಮೊದಲು ಪರಿಚಯವಾದದ್ದು ಹೊಟ್ಟೆಗಳು. ಮುಖಗಳು ಆಮೇಲೆ. ಒಂದು ಮನೆಯ ಹೊಸಿಲನ್ನೂ ದಾಟುವ ಮೊದಲೇ ಎಷ್ಟೋ ಮನೆಗಳ ಸೊಸೆಯರ ಹೊಟ್ಟೆಗೆ ಕಿವಿಯಿಟ್ಟಿದ್ದೆ. ಹೆರಿಗೆ ಮಾಡಿಸುವುದನ್ನು ಕಲಿಯಲು ಕೋಲಾರದಿಂದ ಬಂದವಳು ನಾನು.

ಅಲ್ಲಿ ಮುದ್ದೆ ನುಂಗಿದರಾಯಿತು. ಇಲ್ಲಿ ಹಾಸ್ಟೆಲಿನ ಜೋಳದ ರೊಟ್ಟಿ ಅಗಿದು ದವಡೆ ನೋಯುತ್ತದೆ. ಅಲ್ಲಿ ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿದ್ದೆ. ಇಲ್ಲಿಯವರು ಜಗಳದಲ್ಲೂ ‘ರೀ’ ಬಿಡುವುದಿಲ್ಲ. ನನ್ನ ಸಿಟ್ಟು ಯಾರಿಗೂ ಅರ್ಥವಾಗದೆ ಉಳಿಯಿತು.

ತರಗತಿಯಲ್ಲಿ ರಬ್ಬರಿನ ಬೊಂಬೆಯನ್ನು ಮತ್ತೆ ಮತ್ತೆ ಹುಟ್ಟಿಸಿದೆವು, ಒರೆಸಿದೆವು, ಬಟ್ಟೆ ಸುತ್ತಿದೆವು. ನನಗೆ ಬಾರದೆ ಉಳಿದದ್ದು ಕೊಳವೆ. ಒಂದು ತುದಿ ಹೊಟ್ಟೆಯ ಮೇಲೆ, ಇನ್ನೊಂದು ಕಿವಿಗೆ. ಕೈ ಬಿಟ್ಟು, ಕಿವಿಯ ಒತ್ತಡದಲ್ಲೇ ಅದನ್ನು ನಿಲ್ಲಿಸಿ ಮಗುವಿನ ಎದೆಬಡಿತ ಕೇಳಬೇಕು. ಯಂತ್ರ ಇದೆಯಲ್ಲ ಎಂದರೆ, ನಮಗೆ ಕಲಿಸುವ ಪುಷ್ಪಾ ಮೇಡಂ, “ಕರೆಂಟ್ ಹೋದ್ರೆ ನಿನ್ ಕಿವಿನೂ ಹೋಗ್ತತೇನವಾ?” ಎನ್ನುತ್ತಿದ್ದರು. ಜೊತೆಗೆ ಎರಡು ಬೆರಳು ತಾಯಿಯ ಮಣಿಕಟ್ಟಿನ ನಾಡಿಯ ಮೇಲಿರಬೇಕು. ಕೇಳಿದ ಬಡಿತ ನಾಡಿಯೊಡನೆ ಕೂಡಿಬಂದರೆ ಅದು ಮಗುವಿನದಲ್ಲ, ತಾಯಿಯದು. “ಬೆರಳಿಡದೆ ಐತಿ ಅನ್ನಬ್ಯಾಡ.”

ಹಳ್ಳಿಗಳಿಗೆ ಹೋಗಿ ಕಲಿಯುವ ತಿಂಗಳಲ್ಲಿ, ಸೊರಬದ ಕುಪ್ಪಗಡ್ಡೆಯಲ್ಲಿ, ಸವಿತಾ ಎಂಬ ಬಸುರಿಯ ಹೊಟ್ಟೆಯಲ್ಲಿ ಮೊದಲ ಸಲ ಕೇಳಿಸಿತು. ನಾಡಿಗಿಂತ ಬಹಳ ವೇಗ. ಗೋಡೆಯಾಚೆ ಯಾರೋ ಅವಸರದಲ್ಲಿ ಅವಲಕ್ಕಿ ಕುಟ್ಟುವ ಹಾಗೆ.

“ನಂಗೂ ಕೇಳ್ಸೇ ಮಾರಾಯ್ತಿ,” ಎಂದಳು.

“ನಿಮ್ಮ ಹೊಟ್ಟೆಗೆ ನೀವೇ ಬಗ್ಗೋಕಾಗಲ್ಲ ಅಕ್ಕ.”

“ಹಂಗಾರೆ ನೀನೇ ಕೇಳಿ ಹೇಳ್ತಿರು. ನನ್ ತವರು ಶಿಕಾರಿಪುರನೇ. ಬಾಣಂತನ ನಿನ್ನೂರಲ್ಲೇ.”

ನಿನ್ನೂರು. ಅದನ್ನು ನನ್ನ ಊರೆಂದು ಅದುವರೆಗೆ ಯಾರೂ ಅಂದಿರಲಿಲ್ಲ.

ತವರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಅವಳು ಆಸ್ಪತ್ರೆಗೆ ಬಂದಳು: ನಿನ್ನೆಯಿಂದ ಮಗು ಹೊರಳಿಲ್ಲ. ಇದನ್ನು ಬರೆಯುವಾಗ ಇಲ್ಲಿ ‘ಹೊರಗೆ ಮಳೆ’ ಎಂದು ಬರೆದು ಹೊಡೆದುಹಾಕಿದ್ದೇನೆ. ಮಳೆಯನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು. ಕೊಳವೆ ಇಟ್ಟೆ. ಬಡಿತ ಸಿಕ್ಕಿತು, ವೇಗವಾಗಿ, ಸ್ಪಷ್ಟವಾಗಿ. ‘ಇದೆ ಅಕ್ಕ’ ಎಂಬುದು ತುಟಿಯವರೆಗೆ ಬಂದಿತ್ತು. ಬೆರಳುಗಳು ಮಣಿಕಟ್ಟಿನ ಮೇಲಿದ್ದವು. ಎರಡೂ ಕೂಡಿಯೇ ಬಡಿಯುತ್ತಿದ್ದವು. ಹೆದರಿದ ತಾಯಿಯ ಎದೆ ಅದು. ಕೊಳವೆಯನ್ನು ಪಕ್ಕಕ್ಕೆ ಸರಿಸಿದೆ, ಕೆಳಗೆ ಸರಿಸಿದೆ. ಅವಳದೇ.

“ಕೇಳ್ಸ್ತೇನೇ?” ಎಂದಳು.

ಮೇಡಂ ಅವರನ್ನು ಕರೆದೆ. ಅವರು ಕಿವಿಯಿಟ್ಟರು, ಯಂತ್ರವನ್ನೂ ಇಟ್ಟರು. ಹೊರಗೆ ಬಂದು ನನಗೆ, “ಸರಿಯಾಗೇ ಕೇಳಿದಿ,” ಎಂದರು. ಅವರು ನನ್ನನ್ನು ಮೆಚ್ಚಿದ್ದು ಅದೊಂದೇ ಸಲ.

ಮರುದಿನ ಮಗು ಉಸಿರಿಲ್ಲದೆ ಹುಟ್ಟಿತು. ಒರೆಸಿದೆ, ಬಟ್ಟೆ ಸುತ್ತಿದೆ, ಬೊಂಬೆಗೆ ಮಾಡಿದ ಹಾಗೆಯೇ. ಕುಪ್ಪಗಡ್ಡೆಗೆ ಮರಳುವಾಗ ಸವಿತಾ ಅಳಲಿಲ್ಲ. “ಅದ್ರ ಸದ್ದು ಕೇಳ್ದೋಳು ನೀನೊಬ್ಳೇ. ಮರೀಬ್ಯಾಡ,” ಎಂದಳು.

ರಜೆಗೆ ಕೋಲಾರಕ್ಕೆ ಬಂದಿದ್ದೇನೆ. ಅಮ್ಮ ಮುದ್ದೆ ಬಡಿಸಿ, “ಇನ್ನು ಇಲ್ಲೇ ಇದ್ಬಿಡು,” ಎನ್ನುತ್ತಾಳೆ. ಹೂಂ ಎನ್ನಲಾಗುವುದಿಲ್ಲ. ಶಿಕಾರಿಪುರವನ್ನು ‘ನಿನ್ನೂರು’ ಎಂದವಳೊಬ್ಬಳು ಆ ಕಡೆ ಇದ್ದಾಳೆ, ಅವಳ ಮುಖ ನೋಡುವ ಧೈರ್ಯವೂ ಇಲ್ಲ. ಮಧ್ಯಾಹ್ನ ಮಲಗಿ, ದಿಂಬಿಗೆ ಕಿವಿಯಿಟ್ಟು ಆ ಸದ್ದನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಕೇಳುತ್ತದೆ. ನನ್ನ ಮಣಿಕಟ್ಟಿನ ಮೇಲೆ ಬೆರಳಿಡುತ್ತೇನೆ.

ಎರಡೂ ಕೂಡಿಯೇ ಬಡಿಯುತ್ತವೆ.