ಬ್ರೇಕಮ್ಮನ ಬಲಗಾಲು

ನಮ್ಮ ಬ್ರಿಜ್ ಇಸ್ಪೀಟು ಕ್ಲಬ್ಬಿಗೆ ನಾನು ಕಾರ್ಯದರ್ಶಿ ಎಂದರೆ ದೊಡ್ಡ ಹುದ್ದೆಯೇನಲ್ಲ. ತಿಂಗಳ ಮೊದಲ ಭಾನುವಾರ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆ ಗುಡಿಸುವುದು, ಮೇಜು ಜೋಡಿಸುವುದು, ಚಹಾ ತರಿಸುವುದು, ಆಮೇಲೆ ಎಲ್ಲರಿಂದ ಬೈಸಿಕೊಳ್ಳುವುದು. ಕೊನೆಯ ಕೆಲಸ ಹೆಚ್ಚಾದದ್ದು ಬ್ರೇಕಮ್ಮ ಬಂದ ಮೇಲೆ.

ಬ್ರೇಕಮ್ಮ ಡ್ರೈವಿಂಗ್ ಶಾಲೆಯ ಟೀಚರ್. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕು ಒತ್ತುತ್ತ ಒತ್ತುತ್ತ ಅರ್ಧ ಊರಿಗೆ ಕಾರು ಕಲಿಸಿದ್ದಾರೆ. ಬಾಯಿಗೆ ಬೀಗವಿಲ್ಲ. ಗಂಡ ಟೈಲರ್, ಅವರ ಬಾಯಿಗೆ ಬೀಗವಿದೆ, ಕೀಲಿಕೈ ಎಲ್ಲೋ ಕಳೆದುಹೋಗಿದೆ. ವಾರವಿಡೀ ಕತ್ತರಿ, ಮೆಷಿನ್ನು, ತಿಂಗಳಿಗೊಮ್ಮೆ ಬ್ರಿಜ್. ಬೇರೆ ಸ್ನೇಹಿತರಿಲ್ಲ, ಬೇರೆ ಚಟವೂ ಇಲ್ಲ. ಅವರ ಜೋಡಿಯಾಗಿದ್ದ ಪೋಸ್ಟ್‌ಮಾಸ್ಟರಿಗೆ ವರ್ಗವಾದಾಗ ಆಟ ನಿಂತೇಹೋಗುವುದರಲ್ಲಿತ್ತು. ಜೋಡಿಯಿಲ್ಲದೆ ಬ್ರಿಜ್ ಇಲ್ಲವಲ್ಲ. "ನೀನು ಬಾರೇ," ಎಂದು ಹೆಂಡತಿಯನ್ನು ಕರೆದರಂತೆ. ಮದುವೆಯಾದಾಗಿನಿಂದ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ ಎನ್ನುತ್ತಿದ್ದರು ಬ್ರೇಕಮ್ಮ. ಹಟ ಹಿಡಿದು ಆಟ ಕಲಿತು ಬಂದರು.

ಕಲಿಯದೆ ಉಳಿದದ್ದು ಸುಮ್ಮನಿರುವುದು. ಬ್ರಿಜ್‌ನಲ್ಲಿ ಜೋಡಿಯಲ್ಲೊಬ್ಬರು ಆಡುವಾಗ ಇನ್ನೊಬ್ಬರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ತೆಪ್ಪಗೆ ಕೂರಬೇಕು. ಹಾಗೆ ಕೂತವರಿಗೆ ಡಮ್ಮಿ ಎನ್ನುತ್ತೇವೆ.

"ಯಾರ್ರೀ ಡಮ್ಮಿ? ನಾನಾ?" ಎಂದು ಮೊದಲ ದಿನವೇ ನನ್ನ ಮೇಲೆ ಎಗರಿದ್ದರು.

ಬಾಯಿ ಹೇಗೋ ಮುಚ್ಚಿಸಿದೆವು. ಕಾಲು? ಟೈಲರ್ ತಪ್ಪು ಎಲೆಗೆ ಕೈಹಾಕಿದರೆ ಸಾಕು, ಮೇಜಿನಡಿ ಆಕೆಯ ಬಲಗಾಲು ಧಪ್ಪೆಂದು ನೆಲ ಒತ್ತುತ್ತಿತ್ತು. ಟೈಲರ್ ಕೈ ನಿಲ್ಲುತ್ತಿತ್ತು. ಇದು ಮೋಸವಲ್ಲ, ಕಸುಬಿನ ಅಭ್ಯಾಸ ಎಂದು ನನಗೆ ಗೊತ್ತು. ಆದರೆ ಕ್ಲಬ್ಬಿನ ಇನ್ನೊಬ್ಬ ಸದಸ್ಯರು, ಔಷಧಿ ಅಂಗಡಿಯವರು, ಬಿಡಬೇಕಲ್ಲ! ನಿಯಮಗಳನ್ನು ಅರೆದು ಕುಡಿದ ಮನುಷ್ಯ. "ಇದು ಸನ್ನೆ. ಇನ್ನೊಂದು ಸಲ ಆದ್ರೆ ಈ ಜೋಡಿ ಕ್ಲಬ್ಬಿಗೆ ಬರೋ ಹಾಗಿಲ್ಲ," ಎಂದು ಸಭೆಯನ್ನು ಒಪ್ಪಿಸಿಯೇಬಿಟ್ಟರು. ಅದನ್ನು ತಿಳಿಸುವ ದರಿದ್ರ ಕೆಲಸ ನನ್ನ ತಲೆಗೇ ಬಂತು. ಟೈಲರ್ ತಲೆ ತಗ್ಗಿಸಿದರು.

ಮುಂದಿನ ತಿಂಗಳು ಅವರಿಗೆ ಎದುರಾಳಿಗಳಾಗಿ ಬಂದದ್ದು ಔಷಧಿ ಅಂಗಡಿಯವರೇ, ಅವರ ಜೋಡಿ ನಾನು. ಬ್ರೇಕಮ್ಮ ಡಮ್ಮಿ. ಆಟೀನು ತುರುಫು, ಎಂದರೆ ಅದರ ಸಣ್ಣ ಎಲೆಯೂ ಬೇರೆ ಬಣ್ಣದ ರಾಜನನ್ನು ಹೊಡೆಯಬಲ್ಲದು. ಟೈಲರ್ ಚೆನ್ನಾಗಿ ಆಡುತ್ತಿದ್ದರು, ಗೆಲುವು ಕೈಯಲ್ಲಿತ್ತು. ಔಷಧಿ ಅಂಗಡಿಯವರ ಹತ್ತಿರ ಒಂದು ಸಣ್ಣ ತುರುಫು ಉಳಿದಿದೆ ಎಂಬುದು ಲೆಕ್ಕ ಇಟ್ಟವರಿಗೆಲ್ಲ ಗೊತ್ತು. ಟೈಲರ್ ಮರೆತರು. ಮೊದಲು ತಮ್ಮ ದೊಡ್ಡ ತುರುಫು ಇಳಿಸಿ ಅದನ್ನು ಹೊರಗೆಳೆಯುವ ಬದಲು ಡೈಮಂಡ್ ರಾಜನ ಮೇಲೆ ಬೆರಳಿಟ್ಟರು.

ಬ್ರೇಕಮ್ಮನ ಮುಖ ಕೆಂಪೇರಿತು. ಔಷಧಿ ಅಂಗಡಿಯವರು ಮೇಜಿನಡಿ ಬಗ್ಗಿ ಕಣ್ಣುಹಾಕಿದರು. ಆಕೆ ಬಲಗಾಲನ್ನು ಎತ್ತಿ, ಕುರ್ಚಿಯ ಮೇಲೆ ಮಡಚಿ, ಅದರ ಮೇಲೇ ಕೂತುಬಿಟ್ಟರು.

ರಾಜ ಬಿದ್ದ. ಸಣ್ಣ ತುರುಫು ಅವನನ್ನು ಹೊಡೆಯಿತು. ಟೈಲರ್ ಒಂದೇ ಒಂದು ಸುತ್ತು ಕಡಿಮೆಯಾಗಿ ಸೋತರು.

"ಆಟ ಮುಗೀತಲ್ಲ? ಈಗ ಮಾತಾಡ್ಬಹುದಾ?" ಬ್ರೇಕಮ್ಮ ನನ್ನನ್ನು ಕೇಳಿದರು. ಧಾರಾಳವಾಗಿ ಎಂದೆ. ಗಂಡನ ಕಡೆ ತಿರುಗಿ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

"ನೀನು ನೋಡಿದ್ದೆ, ಅಲ್ವಾ?" ಟೈಲರ್ ಕೇಳಿದರು.

"ಹೂಂ."

"ಮತ್ತೆ ಸುಮ್ನಿದ್ಯಲ್ಲ?"

"ನಿಮ್ಗೆ ಇರೋದು ಇದೊಂದು ಜಾಗ ರೀ. ಅದನ್ನೂ ನಾನೇ ತಪ್ಪಿಸ್ಲಾ?" ಔಷಧಿ ಅಂಗಡಿಯವರು ಕೂಡ ಮುಖ ಆಚೆ ತಿರುಗಿಸಿದರು.

ಟೈಲರ್ ಕುರ್ಚಿ ಎಳೆದುಕೊಂಡು ಹೆಂಡತಿಯ ಪಕ್ಕಕ್ಕೆ ಬಂದು ಕೂತರು. ಚೆಲ್ಲಿದ್ದ ಎಲೆಗಳನ್ನೆಲ್ಲ ಗುಡ್ಡೆಮಾಡಿ ಆಕೆಯ ಮುಂದಿಟ್ಟರು.

"ಈಗ ಹೇಳು," ಎಂದರು. "ಎಲ್ಲಿ ತಪ್ಪಿದೆ? ಮೊದಲಿಂದ ಹೇಳು, ಕೇಳ್ತೀನಿ."