ಮಾತ್ರೆಯೋ ಸೂಜಿಯೋ: ಕೊಟ್ಟಿಗೆಯ ತೀರ್ಪು

ಗೆಳತಿಯರೇ, ನಾನು ಹೆಂಗಸೋ ಹಸುವೋ ಎಂಬುದು ಇವತ್ತು ಕಡೂರಿನ ಲೇಡಿ ಡಾಕ್ಟರ ಮುಂದೆ ತೀರ್ಮಾನವಾಗಬೇಕಾಯಿತು.

ಮುಟ್ಟು ನಿಂತ ಮೇಲೆ ಮೈಯೆಲ್ಲ ಬಿಸಿಯೇರುತ್ತದೆಂದು ನಾನು ಒಂದು ಹಾರ್ಮೋನ್ ನುಂಗುತ್ತಿದ್ದೇನೆ. ಅದರ ಜೊತೆಗೆ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನೂ ಸೇರದಿದ್ದರೆ ಗರ್ಭಕೋಶಕ್ಕೆ ಕೇಡಂತೆ.

"ತಿಂಗಳಲ್ಲಿ ಹನ್ನೆರಡು ದಿನ ಮಾತ್ರೆ ತಗೋಬಹುದು. ಇಲ್ಲಾಂದ್ರೆ ಸೊಂಟಕ್ಕೆ ಎಣ್ಣೆ ಇಂಜೆಕ್ಷನ್, ಅದು ನೋಯುತ್ತೆ. ನಿಮಗೆ ಯಾವ್ದು ಬೇಕಮ್ಮ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ಉತ್ತರ ಕೊಟ್ಟವರು ನಮ್ಮ ಯಜಮಾನರು. "ಇಂಜೆಕ್ಷನ್ನೇ ಹಾಕಿ ಡಾಕ್ಟ್ರೇ. ಎಮ್ಮೆದೊಡ್ಡಿ ಕಾವಲಲ್ಲಿ ದನ ಮೇಯಿಸ್ತಾ ನಾವು ನೋಡಿಲ್ವಾ? ದನಕ್ಕೆ ಗುಳಿಗೆ ಕೊಟ್ರೆ ಉಗಿದ್ಬಿಡ್ತವೆ. ಸೂಜಿ ಚುಚ್ಚಿದ್ರೇನೇ ಹತ್ತೋದು."

"ನಿಮ್ಮ ಮನೆಯವ್ರು ಮಾತ್ರೆ ಉಗೀತಾರಾ?"

"ಇಲ್ಲ. ಆದ್ರೂ ಗಟ್ಟಿ ಜೀವ ಡಾಕ್ಟ್ರೇ, ನೋವು ತಡ್ಕೊಳ್ತಾಳೆ."

ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನು "ಮಾತ್ರೆ" ಎಂದೆ. ಡಾಕ್ಟರು ಬರೆದುಕೊಟ್ಟರು.

ಆಮೇಲೆ ಅವರ ಕಣ್ಣು ಯಜಮಾನರ ಕಾಲಿಗೆ ಸುತ್ತಿದ್ದ ಬಟ್ಟೆಯ ಮೇಲೆ ಬಿತ್ತು. ನಿನ್ನೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಮೊಳೆ ತುಳಿದಿದ್ದರು. "ಇದಕ್ಕೆ ಇಂಜೆಕ್ಷನ್ ಹಾಕ್ಲೇಬೇಕು, ಸೊಂಟಕ್ಕೆ" ಎಂದರು ಡಾಕ್ಟರು. ನರ್ಸು ಕುದಿಯುವ ನೀರಿನಿಂದ ಸಿರಿಂಜು ಎತ್ತಿದ್ದೇ ತಡ, ನಮ್ಮ ಕಾವಲಿನ ಪಂಡಿತರ ಮುಖ ಬಿಳುಚಿಕೊಂಡಿತು.

"ಮಾತ್ರೆ ಇಲ್ವಾ ಡಾಕ್ಟ್ರೇ?"

ನಾನು ನರ್ಸಿಗೆ ಹೇಳಿದೆ: "ಹಿಂದುಗಡೆ ನಿಲ್ಬೇಡಮ್ಮ, ಒದ್ಬಿಡುತ್ತೆ."